ಕಾರು ಹತ್ತಿದ ಕೂಡಲೇ ಎಸಿ ಹಾಕಿದರೆ ಕ್ಯಾನ್ಸರ್ ಬರುತ್ತದೆಯೇ?

ಬೇಸಿಗೆ ಬಂತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಓಡಾಡಲು ಶುರುವಾಗುತ್ತದೆ: ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮತ್ತು ಸೀಟುಗಳಿಂದ ಬೆಂಜೀನ್ ಹೊರಬರುತ್ತದೆ, ಹತ್ತಿದ ಕೂಡಲೇ ಎಸಿ ಹಾಕಿದರೆ ಕ್ಯಾನ್ಸರ್ ಬರುತ್ತದೆ, ಆದ್ದರಿಂದ ಮೊದಲು ಕಿಟಕಿ ತೆರೆಯಿರಿ.

ಈ ಸಂದೇಶದ ಸಲಹೆ ಸರಿ. ಕೊಟ್ಟಿರುವ ಕಾರಣ ತಪ್ಪು.

ಬೆಂಜೀನ್ ಕಥೆ ಎಷ್ಟು ನಿಜ?

ಬೆಂಜೀನ್ ಕ್ಯಾನ್ಸರ್‌ಕಾರಕ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸಂದೇಶದಲ್ಲಿರುವ ಲೆಕ್ಕ ನೋಡಿ: 'ಚದರ ಅಡಿಗೆ 50 ಮಿಲಿಗ್ರಾಂ ಸುರಕ್ಷಿತ'. ಗಾಳಿಯಲ್ಲಿರುವ ಅನಿಲವನ್ನು ಘನ ಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಚದರ ಅಡಿ ಸೈಟು ಅಳೆಯಲು ಸರಿ, ಗಾಳಿ ಅಳೆಯಲು ಅಲ್ಲ.

ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಹೊಸ ಕಾರು ಮತ್ತು ಒಂದು ಮೂರು ವರ್ಷ ಹಳೆಯ ಕಾರನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ, ಒಳಗಿನ ಗಾಳಿಯನ್ನು ಪರೀಕ್ಷಿಸಿದ್ದರು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಆ ಗಾಳಿ ಎದ್ದು ಕಾಣುವಷ್ಟು ವಿಷಕಾರಿಯಾಗಿರಲಿಲ್ಲ. ಹೊಸ ಕಾರಿನ ಗಾಳಿ ಅಲರ್ಜಿಯನ್ನು ಸ್ವಲ್ಪ ಹೆಚ್ಚಿಸಬಹುದು ಎಂದಷ್ಟೇ ಕಂಡುಬಂತು. ಹೊಸ ಕಾರಿನ ವಾಸನೆಯಲ್ಲಿ ಪ್ಲಾಸ್ಟಿಕ್ ಮತ್ತು ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳು ಇರುವುದು ಹೌದು. ಹಾಗಾಗಿ ಹೊಸ ಕಾರಿಗೆ ಗಾಳಿಯಾಡಲು ಬಿಡುವುದು ಒಳ್ಳೆಯದೇ.

ಹಾಗಾದರೆ ಕಿಟಕಿ ಏಕೆ ತೆರೆಯಬೇಕು?

ಶಾಖ ಹೊರಹೋಗಲಿ ಎಂದು. ಗಾಜಿನ ಮೂಲಕ ಬಂದ ಬಿಸಿಲು ಡ್ಯಾಶ್‌ಬೋರ್ಡ್, ಸೀಟುಗಳನ್ನು ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಅಮೆರಿಕದ ಅರಿಜೋನಾದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ ಮೇಲೆ 69 ಡಿಗ್ರಿ ಉಷ್ಣಾಂಶವಿತ್ತು. ನೆರಳಲ್ಲಿದ್ದ ಕಾರುಗಳ ಒಳಗೆ ಸುಮಾರು 38 ಡಿಗ್ರಿ.

ಎಸಿ ತಂಪನ್ನು 'ಉತ್ಪಾದಿಸುವುದಿಲ್ಲ'. ಒಳಗಿನ ಶಾಖವನ್ನು ಹೀರಿ ಹೊರಗೆ ಹಾಕುತ್ತದೆ. ಕಿಟಕಿ ತೆರೆದರೆ ಆ ಕೆಲಸದಲ್ಲಿ ಒಂದು ಪಾಲು ಪುಕ್ಕಟೆಯಾಗಿ ಮುಗಿಯುತ್ತದೆ.

ಬೇಗ ತಂಪಾಗಲು ಹೀಗೆ ಮಾಡಿ

• ಸಾಧ್ಯವಾದರೆ ನೆರಳಲ್ಲಿ ನಿಲ್ಲಿಸಿ. ಇಲ್ಲವಾದರೆ ಮುಂದಿನ ಗಾಜಿಗೆ ಸನ್‌ಶೇಡ್ ಹಾಕಿ.
• ಹೊರಡುವಾಗ ಕಿಟಕಿಗಳನ್ನು ಇಳಿಸಿ, ಎಸಿ ಹಾಕಿ, ಒಂದೆರಡು ನಿಮಿಷ ಓಡಿಸಿ.
• ಬಿಸಿ ಗಾಳಿ ಹೋದ ಮೇಲೆ ಕಿಟಕಿ ಮುಚ್ಚಿ, ರೀಸರ್ಕ್ಯುಲೇಶನ್ ಬಟನ್ ಒತ್ತಿ. ಆಗಲೇ ತಂಪಾದ ಗಾಳಿ ಮತ್ತೆ ತಂಪಾಗುವುದರಿಂದ ಎಸಿ ಮೇಲಿನ ಹೊರೆ ಕಡಿಮೆ.
• ದೂರದ ಪ್ರಯಾಣದಲ್ಲಿ ಆಗಾಗ ಹೊರಗಿನ ಗಾಳಿ ಬಿಡಿ. ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಒಳಗೇ ತುಂಬಿದರೆ ತೂಕಡಿಕೆ ಬರುತ್ತದೆ.
• ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿದರೆ ಗಾಳಿಯೇ ಸರಿಯಾಗಿ ಬರುವುದಿಲ್ಲ. ಕಾಲಕಾಲಕ್ಕೆ ಬದಲಿಸಿ.

ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕೇ?

ಬೇಕಿಲ್ಲ. ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪುಗಳಲ್ಲೇ ಸುತ್ತುತ್ತಿರುತ್ತದೆ. ತುಂಬಿಸಿದ ಕೆಲವೇ ತಿಂಗಳಲ್ಲಿ ತಂಪು ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅನುಮಾನಿಸಬೇಕು. ಮೊದಲು ಲೀಕ್ ಪರೀಕ್ಷೆ ಮಾಡಿಸಿ. ಅಳತೆಗಿಂತ ಹೆಚ್ಚು ಗ್ಯಾಸ್ ತುಂಬಿದರೂ ತಂಪು ಕಡಿಮೆಯಾಗುತ್ತದೆ.

ಭಯಪಡಬೇಕಾದದ್ದು ಬೇರೆಯೇ ಇದೆ

ಬೆಂಜೀನ್ ಭಯದಲ್ಲಿ ನಿಜವಾದ ಅಪಾಯ ಮರೆತುಹೋಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಉಷ್ಣಾಂಶ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರಲ್ಲಿ ಶೇ. 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಬಿಸಿಯಾಗುತ್ತದೆ.

ಹಾಗಾಗಿ 'ಐದೇ ನಿಮಿಷ, ಅಂಗಡಿಗೆ ಹೋಗಿ ಬರ್ತೀನಿ' ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ ಕಾರಿನಲ್ಲಿ ನಿದ್ದೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದರೆ ಜೀವಕ್ಕೇ ಅಪಾಯ. ಅದಕ್ಕೆ ವಾಸನೆಯೂ ಇರುವುದಿಲ್ಲ.

ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಾದರೆ, ಈ ಎರಡು ಮಾತುಗಳನ್ನು ಮಾಡಿ.