ಹಳತೂ ಅಲ್ಲದ, ಹೊಸತೂ ಅಲ್ಲದ ಕಟ್ಟಡಗಳು

ಕೊಪ್ಪಳಕ್ಕೆ ಹೊಂದಿಕೊಂಡಿರುವ ನೇಕಾರರ ಊರು ಭಾಗ್ಯನಗರವೂ ಸೇರಿದಂತೆ ಈ ಸೀಮೆಯಲ್ಲಿ ಕಳೆದ ಶತಮಾನದ ನಡುಗಾಲದಲ್ಲಿ ಎದ್ದ ಮನೆಗಳು ಒಂದು ಸಂಧಿಕಾಲಕ್ಕೆ ಸೇರಿದವು. ಕಲ್ಲುಗೋಡೆಯ ಮೇಲೆ ಜಂತಿ ಹಾಸಿ ಮಣ್ಣು ಮುಚ್ಚುವ ಮಾಳಿಗೆ ಹಿಂದೆ ಸರಿದು, ಕಬ್ಬಿಣದ ಸರಳು ಹೂತ ಕಾಂಕ್ರೀಟಿನ ಛಾವಣಿ, ಅಂದರೆ ಆರ್‌ಸಿಸಿ, ಆಗಿನ್ನೂ ಕಾಲಿಡುತ್ತಿತ್ತು. ಸಿಮೆಂಟಿನ ಮಾರಾಟದ ಮೇಲೆ ಸರ್ಕಾರದ ನಿಯಂತ್ರಣವಿದ್ದು, ಅದು ಭಾಗಶಃ ಸಡಿಲಗೊಂಡದ್ದೇ 1982ರಲ್ಲಾದ್ದರಿಂದ, ಹೊಸ ಸಾಮಗ್ರಿಯನ್ನು ಕಿಟಕಿಯ ಮೇಲಿನ ತೆಳು ಛಜ್ಜೆ, ಗಾಳಿಯಾಡುವ ಜಾಲಿ, ಮುಂಗೋಡೆಯ ನೆತ್ತಿಯಲ್ಲಿ ಉಬ್ಬಾಗಿ ಮೂಡಿಸಿದ ಇಸವಿ ಮುಂತಾದೆಡೆ ಮಾತ್ರ ಬಳಸಿ, ಉಳಿದ ಭಾರವನ್ನು ಕಲ್ಲಿಗೇ ಬಿಡುವುದು ಜಾಣತನವೆನಿಸಿತ್ತು.

ಇದೇ ಬೆರಕೆಯ ದೊಡ್ಡ ರೂಪ ಸಮೀಪದ ಮುನಿರಾಬಾದಿನಲ್ಲಿದೆ. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಜಂಟಿಯಾಗಿ 1945ರಲ್ಲಿ ಅಡಿಗಲ್ಲಿಟ್ಟು, 1953ರ ಹೊತ್ತಿಗೆ ಮುಗಿಸಿದ ತುಂಗಭದ್ರಾ ಅಣೆಕಟ್ಟೆಯ ಗೋಡೆ ಕಲ್ಲಿನದು, ಅದರ ಗಾರೆಯಲ್ಲಿ ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯಿದೆ, ಅದರ 33 ಕ್ರೆಸ್ಟ್ ಗೇಟುಗಳು ಮಾತ್ರ ಉಕ್ಕಿನವು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಏಳು ದಶಕ ಸವೆದ ಉಕ್ಕು ಕೈಕೊಟ್ಟಿತು, ಕಲ್ಲುಕಟ್ಟಡ ನಿಂತೇ ಇತ್ತು.

ಆದರೂ ಈ ಕಾಲದ ಮನೆಗಳ ಬಗೆಗಿನ ಹಂಬಲವನ್ನು ಎಚ್ಚರದಿಂದಲೇ ಒಪ್ಪಬೇಕು. ಮಾಳಿಗೆಯ ಕೆಳಗಿನ ತಂಪನ್ನು ಹೊಗಳುವವರು, ಪ್ರತಿ ಮಳೆಗಾಲಕ್ಕೂ ಮುನ್ನ ಮೇಲೆ ಮಣ್ಣು ಹೊತ್ತು ಹಾಕಿದವರ ದುಡಿಮೆಯನ್ನು ಮರೆಯುವುದುಂಟು. ಮನೆಗಳು ಬದಲಾದದ್ದಕ್ಕೆ ಕಸುಬೂ ಕಾರಣ: ನೆಲದಲ್ಲಿ ಕುಣಿ ತೋಡಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ, ನೂಲು ಒಣಗಿ ಹರಿಯದಂತೆ ತೇವ ಹಿಡಿದಿಡುವ ದಪ್ಪಗೋಡೆಯ ತಂಪು ಪಡಸಾಲೆ ಒಗ್ಗುತ್ತಿತ್ತು, ಅದುರುವ ವಿದ್ಯುತ್ ಮಗ್ಗಕ್ಕಾದರೋ ಗಟ್ಟಿ ನೆಲವೂ ಅಗಲವಾದ ಶೆಡ್ಡೂ ಬೇಕಾಯಿತು.

ಕೊಪ್ಪಳದ ಗವಿಮಠದ ಅಶೋಕನ ಶಾಸನಕ್ಕೂ 1112ರ ಇಟಗಿ ಮಹಾದೇವ ದೇವಾಲಯಕ್ಕೂ ಸಿಗುವ ಗೌರವ ಈ ಕಟ್ಟಡಗಳಿಗಿಲ್ಲ, ಏಕೆಂದರೆ ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯಿದೆ ಕನಿಷ್ಠ ನೂರು ವರ್ಷದ ವಯಸ್ಸನ್ನು ಕೇಳುತ್ತದೆ. ದುರಸ್ತಿಗೆ ತಕ್ಕಷ್ಟು ಹಳತಾದರೂ ರಕ್ಷಣೆಗೆ ತಕ್ಕಷ್ಟು ಹಳತಲ್ಲದ ಈ ನಡುವಯಸ್ಸಿನಲ್ಲೇ ಬಹಳಷ್ಟು ನೆಲಸಮವಾಗುತ್ತಿವೆ. ಎಲ್ಲವನ್ನೂ ಉಳಿಸಬೇಕೆಂಬ ಹಟ ಬೇಕಿಲ್ಲ. ಮನೆ ಕೆಡಹುವ ಮುನ್ನ ಮುಂಗೋಡೆಯ ಚಿತ್ರ ತೆಗೆದು, ಕೋಣೆಗಳ ಅಳತೆ ಬರೆದು, ಗೊತ್ತಿದ್ದರೆ ಕಟ್ಟಿದ ಗೌಂಡಿಯ ಹೆಸರನ್ನೂ ಸೇರಿಸಿ, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡುವಷ್ಟನ್ನಾದರೂ ಮನೆಯವರು ಮಾಡಲಿ.