ಗುಡ್ಡೆಯಾಚೆಯ ತರಗತಿ

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶವೆಲ್ಲ ಹರಿದಾಡಿತು. ಸುರಿವ ಮಳೆಯಲ್ಲಿ ರಸ್ತೆ ಬದಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿರುವ ಮಗಳು, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಅದೇ ತಾಲೂಕಿನ ಬೆಳ್ಳಾರೆ ಸುತ್ತಲಿನವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಮೊಬೈಲಿನ ರೇಡಿಯೋ ತರಂಗಗಳಿಗೆ ಗುಡ್ಡೆ ಅಡ್ಡ ಬರುತ್ತದೆ, ನೀರು ತುಂಬಿದ ಎಲೆಗಳು ಅವನ್ನು ಹೀರುತ್ತವೆ. 900 ಮೆಗಾಹರ್ಟ್ಸ್‌ನ ತರಂಗ ಹೇಗೋ ಬಳಸಿಕೊಂಡು ಬರುವ ತಗ್ಗಿನ ತೋಟಕ್ಕೆ 2300ರದ್ದು ತಲುಪದೆ ಹೋಗಬಹುದು.

ನೇರ ತರಗತಿಗೆ ತುಂಡಾಗದ ಸಂಪರ್ಕ ಬೇಕು. ಮೊದಲೇ ರೆಕಾರ್ಡ್ ಮಾಡಿಟ್ಟ ಪಾಠಕ್ಕೆ ಬೇಡ. ಅದರ ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಸಿಗ್ನಲ್ ಇದ್ದಾಗ ಮುಂದಿನ ತುಣುಕುಗಳು ಫೋನಿಗೆ ಬಂದು ಕೂರುತ್ತವೆ, ಸಿಗ್ನಲ್ ಕುಗ್ಗಿದರೆ ಚಿತ್ರ ಮಸುಕಾಗಿಯಾದರೂ ಪಾಠ ಸಾಗುತ್ತದೆ. ನಮ್ಮ ಮಲೆನಾಡಿನ ಅಂಚಿಗೆ ಹೊಂದುವುದು ಇದೇ.

ಕೋವಿಡ್ ಹೋಯಿತು, ಆನ್‌ಲೈನ್ ಪಾಠ ಉಳಿಯಿತು. ಕೇಂದ್ರ ಸರಕಾರದ ‘ಸ್ವಯಂ’ ವೇದಿಕೆ 2017ರಲ್ಲೇ ಶುರುವಾಗಿತ್ತು. ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸ್‌ಗಳನ್ನು ಅದರ ಮೂಲಕ ಕಲಿಯಲು ಬಿಡಬಹುದೆಂದು ಯುಜಿಸಿ 2021ರಲ್ಲಿ ನಿಯಮ ಮಾಡಿತು. ವಿಶ್ವವಿದ್ಯಾಲಯ ಒಪ್ಪಿದರೆ ಬೆಳ್ಳಾರೆಯ ಡಾ. ಕೆ. ಶಿವರಾಮ ಕಾರಂತ ಸರಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿನಿ ಐಐಟಿ ಪ್ರಾಧ್ಯಾಪಕರ ಪಾಠ ಕೇಳಿ, ಪರೀಕ್ಷೆ ಬರೆದು, ಆ ಕ್ರೆಡಿಟ್ಟನ್ನು ತನ್ನ ಪದವಿಗೇ ಸೇರಿಸಿಕೊಳ್ಳಬಹುದು. ಊರಿನ ಕಾಲೇಜಿನಲ್ಲಿ ಅಧ್ಯಾಪಕರಿಲ್ಲದ ವಿಷಯವೂ ಕೈಗೆಟಕುತ್ತದೆ. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಸೇರಿದವರೆಲ್ಲ ಮುಗಿಸುವುದಿಲ್ಲ. ಎಂಐಟಿ ಮತ್ತು ಹಾರ್ವರ್ಡ್‌ನ ಮುಕ್ತ ಕೋರ್ಸ್‌ಗಳಿಗೆ 2017-18ರಲ್ಲಿ ಹೆಸರು ಕೊಟ್ಟ ನೂರರಲ್ಲಿ ಮುಗಿಸಿದವರು ಸುಮಾರು ಮೂವರು. ಮುಗಿಸಿದವರಿಗೂ ನೆನಪಿನದೊಂದು ತೊಡಕಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಉಳಿದವರು ಪುಟ ಮುಚ್ಚಿ ನೆನಪಾದಷ್ಟು ಬರೆದರು. ಐದು ನಿಮಿಷದ ಬಳಿಕ ಮತ್ತೆ ಓದಿದವರೇ ಮುಂದು. ವಾರ ಕಳೆದಾಗ ಅವರಲ್ಲಿ ಉಳಿದದ್ದು ಶೇ. 42, ನೆನಪಿಸಿಕೊಂಡು ಬರೆದವರಲ್ಲಿ ಶೇ. 56.

ವಿಡಿಯೋವನ್ನು ಹಿಂದಕ್ಕೆಳೆದು ಮತ್ತೆ ನೋಡುವುದು ಮತ್ತೊಮ್ಮೆ ಓದಿದ ಹಾಗೆಯೇ. ಗೊತ್ತಾಯಿತು ಅನ್ನಿಸುತ್ತದೆ, ಉಳಿಯುವುದಿಲ್ಲ. ಪರದೆ ಆರಿಸಿ, “ಈಗ ನೋಡದೆ ಹೇಳು” ಎನ್ನುವವರೊಬ್ಬರು ಎದುರಿಗೆ ಬೇಕು. ಹಳ್ಳಿಯ ಕಾಲೇಜಿನ ಕೆಲಸ ಮುಗಿಯಿತೆನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಪಾಠ ಎಲ್ಲಿಂದಲೋ ಬರಲಿ. ಸಂಜೆಯ ಬಸ್ಸಿಗೆ ಮೊದಲು ಒಂದು ಗಂಟೆ ಪ್ರಶ್ನೆ ಕೇಳುವ ತರಗತಿಯನ್ನು ವೇಳಾಪಟ್ಟಿಯಲ್ಲೇ ಬರೆಯಬೇಕು, ಅದನ್ನು ಅಧ್ಯಾಪಕರ ಕೆಲಸದ ಅವಧಿಯೊಳಗೇ ಎಣಿಸಬೇಕು.