'ಹಿರಿ' ಎಂಬ ಗುಣವಾಚಕ

ಶ್ರೀರಂಗಪಟ್ಟಣಕ್ಕೆ ಸಮೀಪದಲ್ಲಿರುವ ಬಾಬುರಾಯನಕೊಪ್ಪಲು ಬೆಂಗಳೂರು-ಮೈಸೂರು ದಾರಿಯ ಮೇಲಿನ ಊರು. ಆ ದಾರಿಯನ್ನು ಜನರು 'ದೊಡ್ಡ ರಸ್ತೆ' ಎನ್ನಬಹುದು, 'ಮೇನ್ ರೋಡು' ಎನ್ನಬಹುದು. ಬರೆಹದಲ್ಲಿ ಮಾತ್ರ ಅದು 'ಹೆದ್ದಾರಿ'. ಈ ಪದದಲ್ಲಿ 'ದಾರಿ' ಎಂಬುದು ಎಲ್ಲರಿಗೂ ತಿಳಿದ ಮಾತು. ಅದರ ಮುಂದೆ ನಿಂತಿರುವ 'ಹೆದ್' ಎಂಬುದು ಏನು?

'ಹಿರಿದು' ಮತ್ತು 'ದಾರಿ' ಸೇರಿ 'ಹೆದ್ದಾರಿ'ಯಾಯಿತು, ಇದು ಕರ್ಮಧಾರಯ ಸಮಾಸ ಎಂದು ಹೇಳಿ ಮುಗಿಸುವುದು ವಾಡಿಕೆ. ಉತ್ತರವೇನೋ ಸರಿಯೇ. ಆದರೆ 'ಹಿರಿದು' ಎಂಬ ಮೂರಕ್ಷರದ ಮಾತು ಇಷ್ಟು ಕುಗ್ಗಿದ್ದು ಹೇಗೆಂದು ತಿಳಿಯಬೇಕಾದರೆ ಹಳಗನ್ನಡದತ್ತ ತಿರುಗಬೇಕು.

ಹಳಗನ್ನಡದಲ್ಲಿ ಈ ಗುಣವಾಚಕದ ರೂಪ 'ಪಿರಿದು', 'ಪಿರಿಯ'. ಸಮಾಸದಲ್ಲಿ ಅದು 'ಪೆರ್' ಎಂದಾಗುತ್ತಿತ್ತು. ಮುಂದೆ ಸ್ವರವಿದ್ದರೆ ದೀರ್ಘವಾಗಿ 'ಪೇರ್' ಎಂದಾಗುತ್ತಿತ್ತು. ಪೇರಡವಿ, ಪೇರಾನೆ ಎಂಬ ಮಾತುಗಳು ಹೀಗೆ ಹುಟ್ಟಿದವು. ಶಾಸನಗಳು ಕೃಷ್ಣಾ ನದಿಯನ್ನು 'ಪೆರ್ದೊರೆ' ಎನ್ನುತ್ತವೆ. ಹಿರಿಯ ಹೊಳೆ ಎಂದು ಅದರ ಅರ್ಥ. ಕೇರಳದ ಪೆರಿಯಾರ್ ನದಿಯ ಹೆಸರಿಗೂ ಅರ್ಥ ಇದೇ. ಒಂದೇ ಮೂಲದ ಮಾತು ಸೋದರ ಭಾಷೆಗಳಲ್ಲಿ ಉಳಿದುಬಂದಿರುವುದಕ್ಕೆ ಇದೊಂದು ಸಾಕ್ಷಿ.

ಕಾಲ ಕಳೆದಂತೆ ಪದದ ಮೊದಲಿನ ಪಕಾರ ಹಕಾರವಾಯಿತು. 'ಪಾಲು' ಹಾಲಾಯಿತು, 'ಪೂ' ಹೂವಾಯಿತು, 'ಪೆರ್' ಎಂಬುದು 'ಹೆರ್' ಆಯಿತು. ಅದರ ಕೊನೆಯ ರಕಾರವು ಮುಂದಿನ ವ್ಯಂಜನದಲ್ಲಿ ಕರಗಿ ಅದನ್ನೇ ಒತ್ತಕ್ಷರವಾಗಿ ಮಾಡಿತು. ಆದುದರಿಂದಲೇ ಹೆದ್ದಾರಿ, ಹೆಜ್ಜೇನು, ಹೆಮ್ಮರ, ಹೆಬ್ಬಾಗಿಲು ಎಂದು 'ಹೆ'ಕಾರದ ಮುಂದಿನ ಒತ್ತು ಪದದಿಂದ ಪದಕ್ಕೆ ಬದಲಾಗುವುದು. ಶಾಸನಗಳ 'ಪೆರ್ಗಡೆ' ಎಂಬ ಅಧಿಕಾರಿಯೇ ಮುಂದೆ 'ಹೆಗ್ಗಡೆ'ಯಾದನು.

ಹೆಬ್ಬುಲಿ, ಹೆಬ್ಬಾವು ಎಂಬ ಮಾತುಗಳು ಇನ್ನೂ ಸ್ವಾರಸ್ಯವಾಗಿವೆ. ಬಿಡಿಯಾಗಿ ಹೇಳುವಾಗ ನಾವು 'ಹುಲಿ', 'ಹಾವು' ಎನ್ನುತ್ತೇವೆ. ಸಮಾಸದಲ್ಲಿ ಹಕಾರ ಹೋಗಿ ಬಕಾರ ಬಂದದ್ದೇಕೆ? ಈ ಸಮಾಸಗಳು ಹುಟ್ಟಿದಾಗ ಅವು 'ಪುಲಿ', 'ಪಾವು' ಆಗಿದ್ದವು. ಸಮಾಸದ ನಡುವಿನ ಪಕಾರ ಬಕಾರವಾಗಿ ಒಳಗೇ ಉಳಿದುಕೊಂಡಿತು. ಹೊರಗಿದ್ದ 'ಪುಲಿ', 'ಪಾವು'ಗಳ ಪಕಾರ ಮಾತ್ರ ಹಕಾರವಾಯಿತು. ಹಳಗನ್ನಡವನ್ನು ಓದದವರ ಬಾಯಲ್ಲೂ ಹಳಗನ್ನಡ ಹೀಗೆ ಅಡಗಿ ಕುಳಿತಿದೆ.

ಇನ್ನು ಅರ್ಥದ ವಿಷಯ. 'ಹಿರಿ' ಎಂದರೆ ಅಳತೆಯಲ್ಲಿ ದೊಡ್ಡದು ಎಂದಷ್ಟೇ ತಿಳಿದರೆ ಕೈಬೆರಳುಗಳೇ ಅದನ್ನು ಅಲ್ಲಗಳೆಯುತ್ತವೆ. ಹೆಬ್ಬೆರಳಿಗಿಂತ ನಡುಬೆರಳು ಉದ್ದ. ಆದರೂ ದಪ್ಪದಿಂದಲೂ ಬಲದಿಂದಲೂ ಹಿರಿತನ ಹೆಬ್ಬೆರಳಿನದೇ. ವಯಸ್ಸು, ಪದವಿ, ಗೌರವಗಳೆಲ್ಲ ಈ ಮಾತಿನಲ್ಲಿ ಬಂದು ಸೇರಿವೆ. ಮನೆಯ ಹಿರಿಯ ಮಗನು ತಮ್ಮನಿಗಿಂತ ಗಿಡ್ಡನಾಗಿದ್ದರೂ ಹಿರಿಯನೇ. 'ಪೆರ್ಮೆ' ಎಂಬ ಹಳೆಯ ಮಾತು 'ಹೆಮ್ಮೆ'ಯಾಗಿ, ದೊಡ್ಡತನಕ್ಕಿಂತ ಹೆಚ್ಚಾಗಿ ದೊಡ್ಡತನವನ್ನು ನೆನೆದು ಹಿಗ್ಗುವ ಭಾವವನ್ನು ಸೂಚಿಸತೊಡಗಿತು. ದೊಡ್ಡತನವನ್ನು ಹೇಳಲು ಅದೇ ಮೂಲದ 'ಹಿರಿಮೆ' ಇಂದು ಬಳಕೆಯಲ್ಲಿದೆ.

ಊರ ಹೆಸರುಗಳಲ್ಲಿಯೂ ಈ ಮಾತು ಉಂಟು. ಬಾಬುರಾಯನಕೊಪ್ಪಲಿಗೆ ನೆರೆಯ ಪಾಂಡವಪುರ ತಾಲ್ಲೂಕಿನಲ್ಲಿ ಹಿರೇಮರಳಿ, ಚಿಕ್ಕಮರಳಿ ಎಂಬ ಊರುಗಳಿವೆ. ಅದೇ ತಾಲ್ಲೂಕಿನಲ್ಲಿ ದೊಡ್ಡಬ್ಯಾಡರಹಳ್ಳಿ, ಚಿಕ್ಕಬ್ಯಾಡರಹಳ್ಳಿಗಳೂ ಇವೆ. ಒಂದು ಜೋಡಿಯಲ್ಲಿ 'ಹಿರೇ', ಇನ್ನೊಂದರಲ್ಲಿ 'ದೊಡ್ಡ'. ಇಂತಹ ಹೆಸರುಗಳನ್ನು ಕಂಡೊಡನೆ ಊರಿನ ವಿಸ್ತಾರವನ್ನು ಊಹಿಸುವುದು ಸರಿಯಲ್ಲ. ರುಕ್ಮಾಂಗದನೆಂಬ ಅರಸನ ಹಿರಿಯ ಮಗಳಿಗೆ ಬಳುವಳಿಯಾಗಿ ಬಂದದ್ದು ಹಿರೇಮಗಳೂರು, ಕಿರಿಯ ಮಗಳಿಗೆ ಬಂದದ್ದು ಚಿಕ್ಕಮಗಳೂರು ಎಂದು ಐತಿಹ್ಯ. ಇಂದು ಚಿಕ್ಕಮಗಳೂರು ಜಿಲ್ಲೆಯ ಮುಖ್ಯಪಟ್ಟಣ. ಹಿರೇಮಗಳೂರು ಅದಕ್ಕೆ ಅಂಟಿಕೊಂಡಿರುವ ಸಣ್ಣ ಊರು.